ಎಂಆರ್‌ಐ ಚಿತ್ರದ ಅಳತೆ ತಪ್ಪಿದಾಗ: ಯಾವ ತಿದ್ದುಪಡಿ ಎಲ್ಲಿಗೆ?

ರೋಗ ಪತ್ತೆಗೆ ಒಂದು ಮಿಲಿಮೀಟರ್ ಆಚೀಚೆಯಾದರೆ ನಡೆದೀತು. ಅದೇ ಚಿತ್ರದ ಮೇಲೆ ವಿಕಿರಣ ಚಿಕಿತ್ಸೆಯ ಗುರಿ ಗುರುತಿಸುವಾಗ ನಡೆಯದು. ತಿದ್ದುವ ಮೊದಲು ಕಾರಣ ಬೇರ್ಪಡಿಸಿ: ಫ್ಯಾಂಟಮ್ (ಅಳತೆ ಗೊತ್ತಿರುವ ಪರೀಕ್ಷಾ ವಸ್ತು) ಅಲುಗಿಸದೆ, ರೀಡೌಟ್ ಗ್ರೇಡಿಯಂಟ್‌ನ (ಸಿಗ್ನಲ್ ಓದುವಾಗ ಸ್ಥಾನ ಗುರುತಿಸಲು ಹಾಕುವ ಕಾಂತಕ್ಷೇತ್ರದ ಇಳಿಜಾರು) ದಿಕ್ಕು ತಿರುಗಿಸಿ ಎರಡು ಸಲ ಸ್ಕ್ಯಾನ್ ಮಾಡಿ. ಎರಡರಲ್ಲಿ ವಿರುದ್ಧ ದಿಕ್ಕಿಗೆ ಸರಿದದ್ದು ಕಾಂತಕ್ಷೇತ್ರದ ಏರುಪೇರು. ಒಂದೇ ಕಡೆ ಸರಿದದ್ದು ಗ್ರೇಡಿಯಂಟ್‌ನ ವಕ್ರತೆ. ನಡುವೆ ಶಿಮ್ (ಕ್ಷೇತ್ರವನ್ನು ಸಮಗೊಳಿಸುವ ಹೊಂದಾಣಿಕೆ) ಮತ್ತು ಸೆಂಟರ್ ಫ್ರೀಕ್ವೆನ್ಸಿ (ಯಂತ್ರ ಕೆಲಸ ಮಾಡುವ ಮೂಲ ಆವರ್ತನ) ಮತ್ತೆ ಹೊಂದಿಸಲು ಯಂತ್ರಕ್ಕೆ ಬಿಡಬೇಡಿ, ಇಡೀ ಚಿತ್ರವೇ ಜರುಗಿ ಲೆಕ್ಕ ಕೆಡುತ್ತದೆ.

ವಕ್ರತೆಗೆ 2ಡಿ ತಿದ್ದುಪಡಿಯೋ 3ಡಿಯೋ? ಅನುಮಾನವೇ ಬೇಡ, 3ಡಿ. 2ಡಿ ಸ್ಲೈಸ್‌ನ (ಚಿತ್ರದ ಒಂದು ಪದರ) ಒಳಗಷ್ಟೇ ತಿದ್ದುತ್ತದೆ. ಐಸೊಸೆಂಟರ್‌ನಿಂದ (ಯಂತ್ರದ ಕೇಂದ್ರಬಿಂದು) ದೂರದ ಸ್ಲೈಸ್ ಬಾಗಿದ್ದರೆ ಬಾಗಿಯೇ ಉಳಿಯುತ್ತದೆ. ಸೀಮೆನ್ಸ್ ಚಿತ್ರಗಳಲ್ಲಿ ಡೈಕಾಮ್ ಹೆಡರ್ (ಚಿತ್ರದ ಕಡತದಲ್ಲಿರುವ ವಿವರಗಳ ಭಾಗ) ನೋಡಿದರೆ ಸಾಕು: ಡಿಐಎಸ್2ಡಿ, ಡಿಐಎಸ್3ಡಿ, ತಿದ್ದದೆ ಬಿಟ್ಟದ್ದಕ್ಕೆ ಎನ್‌ಡಿ. ತಿದ್ದಿದ್ದನ್ನೇ ಬೇರೆ ಸಾಫ್ಟ್‌ವೇರ್‌ನಲ್ಲಿ ಮತ್ತೆ ತಿದ್ದಿದರೆ ಹೊಸ ತಪ್ಪು ಹುಟ್ಟುತ್ತದೆ.

ಕ್ಷೇತ್ರದ ಏರುಪೇರಿಗೆ ಅಗ್ಗದ ಮದ್ದು ಬ್ಯಾಂಡ್‌ವಿಡ್ತ್ (ಪ್ರತಿ ಪಿಕ್ಸೆಲ್‌ಗೆ ಸಿಗುವ ಹರ್ಟ್ಸ್) ಹೆಚ್ಚಿಸುವುದು. ಜರುಗುವ ಪಿಕ್ಸೆಲ್‌ಗಳೆಷ್ಟು ಎಂದರೆ, ಏರುಪೇರಿನ ಹರ್ಟ್ಸ್ ಅನ್ನು ಪ್ರತಿ ಪಿಕ್ಸೆಲ್‌ನ ಹರ್ಟ್ಸ್‌ನಿಂದ ಭಾಗಿಸಿದಷ್ಟು. 100 ಹರ್ಟ್ಸ್ ಏರುಪೇರು, 1 ಮಿಮೀ ಪಿಕ್ಸೆಲ್ ಇದ್ದಾಗ ಪಿಕ್ಸೆಲ್‌ಗೆ 130 ಹರ್ಟ್ಸ್‌ನಲ್ಲಿ 0.77 ಮಿಮೀ ಜರುಗಿದರೆ, 440ರಲ್ಲಿ ಬರೀ 0.23. ಬೆಲೆ? ಸಿಗ್ನಲ್-ನಾಯ್ಸ್ ಅನುಪಾತ ಸುಮಾರು 54 ಪ್ರತಿಶತಕ್ಕೆ ಇಳಿಯುತ್ತದೆ. ಮರಳಿ ಪಡೆಯಲು ಸುಮಾರು 3.4 ಪಟ್ಟು ಸಮಯ ಬೇಕು. ಸ್ಲೈಸ್ ದಿಕ್ಕಿನ ಬಾಗುವಿಕೆಗೆ ಇದು ನಾಟುವುದಿಲ್ಲ, ಅಲ್ಲಿ 3ಡಿ ಸೀಕ್ವೆನ್ಸೇ (ಇಡೀ ಗಾತ್ರವನ್ನು ಒಟ್ಟಿಗೆ ಚಿತ್ರಿಸುವ ಸ್ಕ್ಯಾನ್ ವಿಧಾನ) ಲೇಸು.

ಉಳಿದದ್ದಕ್ಕೆ ಫೀಲ್ಡ್ ಮ್ಯಾಪ್ (ಕ್ಷೇತ್ರದ ಏರುಪೇರಿನ ನಕ್ಷೆ) ಅಥವಾ ವಿರುದ್ಧ ದಿಕ್ಕಿನ ಜೋಡಿ ಸ್ಕ್ಯಾನ್. ಮ್ಯಾಪ್ ಬೇಗ ಮುಗಿಯುತ್ತದೆ. 1.5 ಟೆಸ್ಲಾದಲ್ಲಿ ಎರಡು ಎಕೋಗಳ (ಮರಳಿ ಬರುವ ಸಿಗ್ನಲ್‌ಗಳು) ಅಂತರ 4.6 ಮಿಲಿಸೆಕೆಂಡ್ ಇಟ್ಟರೆ ಕೊಬ್ಬು-ನೀರು ಒಂದೇ ಫೇಸ್‌ನಲ್ಲಿರುತ್ತವೆ (ತರಂಗದ ಒಂದೇ ಹಂತದಲ್ಲಿ). ಆದರೆ ಏರುಪೇರು ±109 ಹರ್ಟ್ಸ್ ದಾಟಿದರೆ ಫೇಸ್ ಸುತ್ತಿಕೊಳ್ಳುತ್ತದೆ (ಒಂದು ಸುತ್ತು ದಾಟಿ ಬೇರೆ ಮೌಲ್ಯದಂತೆ ಕಾಣುತ್ತದೆ), ಬಿಡಿಸಬೇಕು. ಮೂಗಿನ ಪಕ್ಕದ ಗಾಳಿಗೂಡುಗಳ ಹತ್ತಿರ ಸಿಗ್ನಲ್ಲೇ ಇರುವುದಿಲ್ಲ, ತಿದ್ದುಪಡಿ ಬೇಕಾದಲ್ಲೇ ಮ್ಯಾಪ್ ಕೈಕೊಡುತ್ತದೆ. ಜೋಡಿ ವಿಧಾನಕ್ಕೆ ಸಮಯ ದುಪ್ಪಟ್ಟು, ನಡುವೆ ರೋಗಿ ಅಲುಗಿದರೆ ಎಲ್ಲ ವ್ಯರ್ಥ. ಇಪಿಐಗೆ (ಅತಿ ವೇಗದ ಸ್ಕ್ಯಾನ್ ವಿಧಾನ) ಮಾತ್ರ ನಮ್ಮ ಮತ ಜೋಡಿಗೇ, ಫೇಸ್ ಎನ್‌ಕೋಡಿಂಗ್ (ರೀಡೌಟ್‌ಗೆ ಅಡ್ಡಲಾದ) ದಿಕ್ಕು ತಿರುಗಿಸಿ: ಅಲ್ಲಿ ಪಿಕ್ಸೆಲ್‌ಗೆ 20 ಹರ್ಟ್ಸ್ ಇದ್ದರೆ ಅದೇ 100 ಹರ್ಟ್ಸ್ 5 ಪಿಕ್ಸೆಲ್ ಜರುಗಿಸುತ್ತದೆ. ತಿರುಗಿಸಿದ ಚಿತ್ರವನ್ನು ಕೆಲವೇ ಸಲ ತೆಗೆದರೂ ಸಾಕಾಗುವುದರಿಂದ ಸಮಯದ ಹೊರೆಯೂ ಅಷ್ಟಿಲ್ಲ.