ಹಳೇ ಐ5 ಸಿಸ್ಟಂಗೆ ಆರ್‌ಟಿಎಕ್ಸ್ 3050 6 ಜಿಬಿ ಗ್ರಾಫಿಕ್ಸ್ ಕಾರ್ಡ್ ಹಾಕಿಸ್ದೆ, ದಾವಣಗೆರೆಲಿ

ನಾನು ಗೇಮ್ ಆಡೋನಲ್ಲ, ಮದುವೆ ವಿಡಿಯೋ ಎಡಿಟಿಂಗ್ ಮಾಡೋನು. ನಿಟ್ಟುವಳ್ಳಿಲಿ ಮನೆ ಮಾಳಿಗೆ ಮೇಲಿನ ರೂಮೇ ನನ್ನ ಸ್ಟುಡಿಯೋ. ಸಿಸ್ಟಂ ಐ5 4590, ಹೆಚ್81 ಮದರ್‌ಬೋರ್ಡು, ಡಿಡಿಆರ್3 ರ‍್ಯಾಮ್ 16 ಜಿಬಿ, ಆಮೇಲೆ ಹಾಕಿಸಿದ ಎಸ್‌ಎಸ್‌ಡಿ, ಮತ್ತೆ ಹೆಸರಿಗೊಂದು ಜಿಟಿ 710 ಗ್ರಾಫಿಕ್ಸ್ ಕಾರ್ಡು. ಹತ್ತು ವರ್ಷದಿಂದ ಇದರಲ್ಲೇ ನನ್ನ ಅನ್ನ ಹುಟ್ಟಿರೋದು, ಅದಕ್ಕೆ ಇದನ್ನ ಗುಜರಿಗೆ ಹಾಕಿ ಹೊಸದು ತಗೋ ಅಂತ ಯಾರು ಹೇಳಿದ್ರೂ ಮನಸ್ಸು ಒಪ್ತಿರಲಿಲ್ಲ, ದುಡ್ಡೂ ಇರಲಿಲ್ಲ.

ಕಷ್ಟ ಶುರುವಾಗಿದ್ದು ಡ್ರೋನ್‌ನಿಂದ. ಈಗ ಎಲ್ಲರಿಗೂ ಕುಂದವಾಡ ಕೆರೆ ಹತ್ರ ಪ್ರೀ ವೆಡ್ಡಿಂಗ್ ಶೂಟ್ ಬೇಕು, ಮೇಲಿಂದ ಡ್ರೋನ್ ಶಾಟ್ ಬೇಕು, ಆ ಫೈಲೆಲ್ಲ 4ಕೆ ಹೆಚ್‌ಇವಿಸಿಲಿ ಬರ್ತವೆ, ಅಂದ್ರೆ ವಿಡಿಯೋನ ತುಂಬಾ ಒತ್ತಿ ಸಣ್ಣ ಮಾಡಿರೋ ಫಾರ್ಮ್ಯಾಟಲ್ಲಿ. ಹೆಚ್‌ಇವಿಸಿನ ಪೂರ್ತಿ ಹಾರ್ಡ್‌ವೇರಲ್ಲೇ ಬಿಚ್ಚೋ ವ್ಯವಸ್ಥೆ 4ನೇ ಜನರೇಷನ್ ಇಂಟೆಲ್‌ ಒಳಗಿನ ಗ್ರಾಫಿಕ್ಸಲ್ಲೂ ಇಲ್ಲ, ಜಿಟಿ 710ಲ್ಲೂ ಇಲ್ಲ, ಹಂಗಾಗಿ ಎಲ್ಲಾ ಭಾರ ಪ್ರೊಸೆಸರ್ ನಾಲ್ಕು ಕೋರ್ ಮೇಲೆ ಬೀಳ್ತಿತ್ತು, ಟೈಮ್‌ಲೈನಲ್ಲಿ ಒಂದು ಕಟ್ ಹಾಕೋಕೆ ಕೈ ಇಟ್ರೆ ಚಿತ್ರ ನಿಂತು ನಿಂತು ಮುಂದೆ ಹೋಗ್ತಿತ್ತು. ನಾಲ್ಕು ನಿಮಿಷದ ಹೈಲೈಟ್ಸ್ ರೆಂಡರಿಗೆ ಹಾಕಿ ಕೆಳಗೆ ಹೋಗಿ ಊಟ ಮಾಡಿ ಬಂದ್ರೂ ಮುಗಿದಿರ್ತಿರಲಿಲ್ಲ. ಇತ್ಲಾಗೆ ಹುಡುಗಿ ಅಣ್ಣನ ಫೋನು, ಬ್ರದರ್ ಹೈಲೈಟ್ಸ್ ಯಾವಾಗ ಕೊಡ್ತೀರಾ ಅಂತ.

ಮೊದ್ಲು ಬೇರೆ ಒಂದು ಕಡೆ ಸೆಕೆಂಡ್ ಹ್ಯಾಂಡ್ ಕಾರ್ಡ್ ತಗೊಂಡು ಕೈ ಸುಟ್ಕೊಂಡಿದ್ದೆ. ಅದಕ್ಕೆ 6 ಪಿನ್ ಪವರ್ ಬೇಕಿತ್ತು, ನನ್ನ ಎಸ್‌ಎಂಪಿಎಸ್‌ನಲ್ಲಿ (ಸಿಸ್ಟಂಗೆ ಕರೆಂಟ್ ಕೊಡೋ ಡಬ್ಬಿ) ಆ ವೈರೇ ಇಲ್ಲ. ಏನಾಗಲ್ಲ ಅಂತ ಹೇಳಿ ಹಾರ್ಡ್ ಡಿಸ್ಕ್ ವೈರಿಗೆ ಒಂದು ಕನ್ವರ್ಟರ್ ಸಿಗಿಸಿ ಕಳಿಸಿದ್ರು. ಮೂರನೇ ದಿನ ರಾತ್ರಿ ರೆಂಡರ್ ಅರ್ಧಕ್ಕೆ ಬಂದಾಗ ಸಿಸ್ಟಂ ಟಪ್ ಅಂತ ಆಫ್. ಸೈಡ್ ಡೋರ್ ತೆಗೆದು ನೋಡಿದ್ರೆ ಕನ್ವರ್ಟರಿನ ಹಳದಿ ವೈರು ಮುಟ್ಟೋಕಾಗದಷ್ಟು ಬಿಸಿ, ಬಿಳಿ ಪ್ಲಾಸ್ಟಿಕ್ ಕನೆಕ್ಟರ್ ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ವಾಪಸ್ ಕೊಟ್ಟಾಗ 1500 ರೂಪಾಯಿ ಹಿಡ್ಕೊಂಡೇ ಕೊಟ್ರು. ದುಡ್ಡಿಗಿಂತ ಹೆಚ್ಚಾಗಿ, ಆ ಹಾರ್ಡ್ ಡಿಸ್ಕಲ್ಲಿ ಎರಡು ಮನೆ ಧಾರೆ ಫೂಟೇಜ್ ಇತ್ತು, ಅದೇನಾದ್ರೂ ಹೋಗಿದ್ರೆ ಆ ಜನಕ್ಕೆ ನಾನು ಏನು ಮುಖ ತೋರಿಸ್ಬೇಕಿತ್ತು.

ಆಮೇಲೆ ಫ್ಲೆಕ್ಸ್ ಡಿಸೈನ್ ಮಾಡೋ ಗೆಳೆಯ ಒಬ್ಬ ಪಿ.ಜೆ. ಬಡಾವಣೆ ಕಡೆ ಒಂದು ಸಣ್ಣ ಅಂಗಡಿ ತೋರಿಸ್ದ. ಒಂದು ಶೆಟರ್, ಒಂದು ಟೇಬಲ್ಲು, ಅಷ್ಟೇ. ನಾನು ಹೋಗಿ ಆರ್‌ಎಕ್ಸ್ 6400 ಕಾರ್ಡ್ ಐತಾ ಅಂತ ಕೇಳ್ದೆ, ಅದಕ್ಕೆ ಬೇರೆ ವೈರ್ ಬೇಡ, ರೇಟೂ ಕಡಿಮೆ ಅಂತ ಓದಿದ್ದೆ. ಅಂಗಡಿ ಹುಡುಗ ಕಾರ್ಡ್ ತೋರಿಸಲೇ ಇಲ್ಲ, "ಅಣ್ಣಾ, ಕಾರ್ಡ್ ಆಮೇಲೆ ನೋಡಣ, ಮೊದ್ಲು ಸಿಪಿಯು ತಗೊಂಡು ಬರ್ರಿ" ಅಂದ. ಮಾರನೇ ದಿನ ಸ್ಕೂಟಿಲಿ ಕಾಲ ಮಧ್ಯೆ ಇಟ್ಕೊಂಡು ತಗೊಂಡು ಹೋದೆ.

ಇಲ್ಲಿಂದ ಆಗಿದ್ದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಹಳೇ ಸಿಸ್ಟಂ ಇರೋ ಎಲ್ಲರಿಗೂ ಬೇಕಾಗಿರೋದು ಇದೇ. ಮೊದ್ಲು ಬ್ಲೋವರ್ ಹಿಡಿದು ಧೂಳು ತೆಗೆದ, ಆಮೇಲೆ ಮೊಬೈಲ್ ಟಾರ್ಚ್ ಹಾಕಿ ಎಸ್‌ಎಂಪಿಎಸ್ ಮೇಲಿನ ಸ್ಟಿಕ್ಕರ್ ತೋರಿಸ್ದ. ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಅಂತ ಐತೆ. ಅದರ ಕೆಳಗಿನ ಸಣ್ಣ ಟೇಬಲಲ್ಲಿ 12 ವೋಲ್ಟ್ ಎದುರಿಗೆ 16 ಆಂಪ್ ಅಂತ ಐತೆ. "ಗುಣಿಸ್ರಿ ಅಣ್ಣಾ" ಅಂದ. 192 ವ್ಯಾಟ್. ಪ್ರೊಸೆಸರೂ ಕಾರ್ಡೂ ಎರಡೂ ಕುಡಿಯೋದು ಈ 12 ವೋಲ್ಟ್ ಲೈನಿಂದಲೇ, ಪ್ರೊಸೆಸರಿಗೇ 84 ವ್ಯಾಟ್ ಲೆಕ್ಕ, ಇನ್ನು ದೊಡ್ಡ ಕಾರ್ಡ್ ಹಾಕಿದ್ರೆ ಎಲ್ಲಿಂದ ಬರ್ಬೇಕು. ಇಷ್ಟು ವರ್ಷದಲ್ಲಿ ಆ ಟೇಬಲ್ ಓದಬೇಕು ಅಂತ ನನಗೆ ಒಬ್ಬರೂ ಹೇಳಿರಲಿಲ್ಲ.

ಆಮೇಲೆ ಬೋರ್ಡ್ ನಂಬರ್ ನೋಡಿ 6400 ನಿಮಗೆ ಬೇಡ ಅಂದ. ಆ ಕಾರ್ಡು ಸ್ಲಾಟಲ್ಲಿ ಬಳಸೋದು ನಾಲ್ಕೇ ಲೇನ್ (ಡೇಟಾ ಓಡಾಡೋ ದಾರಿ), ಪಿಸಿಐಇ 4.0, ಅಂದ್ರೆ ಸ್ಲಾಟ್ ಸ್ಪೀಡ್ ಜಾಸ್ತಿ ಇರೋ ಹೊಸ ಬೋರ್ಡಲ್ಲಾದ್ರೆ ನಡೀತದೆ, ಆದ್ರೆ ಹೆಚ್81 ಚಿಪ್‌ಸೆಟ್ಟಲ್ಲಿ ಸ್ಲಾಟ್ 2.0 ಸ್ಪೀಡಲ್ಲೇ ಓಡೋದು, ಅಂದ್ರೆ ಸೆಕೆಂಡಿಗೆ 2 ಜಿಬಿ ಅಷ್ಟೇ ದಾರಿ. ಜೊತೆಗೆ ಅದರಲ್ಲಿ ವಿಡಿಯೋ ಎನ್‌ಕೋಡ್ ಮಾಡೋ, ಅಂದ್ರೆ ಎಡಿಟ್ ಮುಗಿದಿದ್ದನ್ನ ಒತ್ತಿ ಫೈಲ್ ಮಾಡಿಕೊಡೋ ಭಾಗಾನೇ ಕೊಟ್ಟಿಲ್ಲ, ನನ್ನ ಕೆಲಸಕ್ಕೆ ಬೇಕಾಗಿದ್ದೇ ಅದು. ಅವ್ನ ಹತ್ರ ಆ ಕಾರ್ಡ್ ಇತ್ತು, ಡಬ್ಬಿ ಹಿಂದಿನ ಶೆಲ್ಫಲ್ಲಿ ಕಾಣ್ತಿತ್ತು. ನಾನೇ ಕೇಳ್ಕೊಂಡು ಬಂದಿದ್ದೆ, ಕೊಟ್ಟು ದುಡ್ಡು ಇಸ್ಕೊಂಡಿದ್ರೆ ನನಗೆ ಗೊತ್ತೂ ಆಗ್ತಿರಲಿಲ್ಲ. ಈ ರಿವ್ಯೂ ಬರೀತಿರೋದೇ ಈ ಒಂದು ಕಾರಣಕ್ಕೆ.

ಕೊನೆಗೆ ತಗೊಂಡಿದ್ದು ಆರ್‌ಟಿಎಕ್ಸ್ 3050, 6 ಜಿಬಿದು. ಇಲ್ಲಿ ಹುಷಾರು, ಇದೇ ಹೆಸರಲ್ಲಿ 8 ಜಿಬಿದೂ ಐತೆ, ಅದು 2022ರದ್ದು, 130 ವ್ಯಾಟ್ ಕಾರ್ಡು, ಪವರ್ ವೈರ್ ಬೇಕೇ ಬೇಕು. 6 ಜಿಬಿದು 2024ರಲ್ಲಿ ಬಂದಿದ್ದು, 70 ವ್ಯಾಟ್. ಸ್ಲಾಟ್ ಕೊಡೋದೇ 75 ವ್ಯಾಟ್, ಹಂಗಾಗಿ ಸ್ಲಾಟಿಂದಲೇ ಸಾಕಾಗ್ತದೆ. ಆದ್ರೂ ಕೆಲವು ಮಾಡೆಲ್ಲಲ್ಲಿ ಪವರ್ ಕನೆಕ್ಟರ್ ಇರ್ತದೆ ಅಂತ ಡಬ್ಬಿ ಬಿಚ್ಚಿ ತೋರಿಸೇ ಕೊಟ್ಟ. ಇದು ಎಂಟು ಲೇನ್ ಬಳಸ್ತದೆ, ನನ್ನ ಬೋರ್ಡಲ್ಲಿ ಸೆಕೆಂಡಿಗೆ 4 ಜಿಬಿ ಸಿಗ್ತದೆ, ಪೂರ್ತಿ ಸ್ಪೀಡ್ ಅಲ್ಲ ಆದ್ರೆ ಎಡಿಟಿಂಗಿಗೆ ಅಡ್ಡಿ ಇಲ್ಲ. ಕಾರ್ಡ್ 17,200 ಆಯ್ತು, ಕರೆಂಟ್ ಕಡಿಮೆ ಪೋಲು ಮಾಡೋ 80 ಪ್ಲಸ್ ಬ್ರಾಂಜ್ ದರ್ಜೆ ಎಸ್‌ಎಂಪಿಎಸ್ 3,100. ಎಸ್‌ಎಂಪಿಎಸ್ ಬದಲಾಯಿಸದೆ ಕಾರ್ಡ್ ಮಾತ್ರ ಹಾಕ್ಕೊಡ್ರಿ ಅಂದ್ರೆ ಹಾಕಲ್ಲ ಅಂತ ಖಡಾಖಂಡಿತ ಹೇಳ್ದ, ಆಗ ಸ್ವಲ್ಪ ಬೇಜಾರಾಯ್ತು, ಈಗ ಇಲ್ಲ.

ಒಂದು ವಿಷಯ ಅವ್ನೂ ಮರೆತ, ನಾನೂ ಮರೆತೆ. ನನ್ನ ಮಾನಿಟರ್ ಹಳೇದು, ವಿಜಿಎ ಮಾತ್ರ. ಜಿಟಿ 710ಗೆ ವಿಜಿಎ ಇತ್ತು, ಹೊಸ ಕಾರ್ಡಲ್ಲಿ ಹೆಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಅಷ್ಟೇ. ಮನೆಗೆ ಬಂದು ನೀಲಿ ಕೇಬಲ್ ಕೈಲಿ ಹಿಡ್ಕೊಂಡು ಹಿಂದೆ ತಡಕಾಡಿದ್ರೆ ಸಿಗಿಸೋಕೆ ಜಾಗ ಇಲ್ಲ. ಮತ್ತೆ ಗಾಡಿ ತೆಗೆದು ಹೋಗಿ 250 ಕೊಟ್ಟು ಹೆಚ್‌ಡಿಎಂಐ ಟು ವಿಜಿಎ ಕನ್ವರ್ಟರ್ ತಂದೆ. ಬಣ್ಣ ಕರೆಕ್ಷನ್ ಮಾಡೋನಿಗೆ ಇದು ಸರಿಯಾದ ದಾರಿ ಅಲ್ಲ, ಮುಂದಿನ ಖರ್ಚು ಮಾನಿಟರ್ರೇ.

ಹಳೇ ಡ್ರೈವರನ್ನ ಸೇಫ್ ಮೋಡಲ್ಲಿ ಡಿಡಿಯು ಅನ್ನೋ ಡ್ರೈವರ್ ತೆಗೆಯೋ ಸಾಫ್ಟ್‌ವೇರ್ ಹಾಕಿ ಪೂರ್ತಿ ಒರೆಸಿ ಹೊಸದು ಹಾಕಿದೆ, ತೊಂದ್ರೆ ಬರಲಿಲ್ಲ.

ಈಗ ಎರಡು ತಿಂಗಳಾಯ್ತು. ಡ್ರೋನ್ ಕ್ಲಿಪ್ ಟೈಮ್‌ಲೈನಲ್ಲಿ ಎಳೆದ ಕಡೆ ಬರ್ತದೆ, ಮೊದಲನೇ ದಿನ ಸುಮ್ಮನೆ ಹಿಂದೆ ಮುಂದೆ ಎಳೀತಾ ಕೂತಿದ್ದೆ, ನಮ್ಮ ಮನೆಯವ್ರು ಕಾಫಿ ತಂದವ್ರು ಏನಾಯ್ತು ಅಂತ ಕೇಳಿದ್ರು. ಮೊದ್ಲು 25 ನಿಮಿಷ ತಗೊಂಡಿದ್ದ ಅದೇ ಹೈಲೈಟ್ಸ್ ಪ್ರಾಜೆಕ್ಟ್ ಈಗ 6 ನಿಮಿಷಕ್ಕೆ ಹೊರಗೆ ಬಂತು. ಏಪ್ರಿಲ್ ಬಿಸಿಲಲ್ಲಿ ಮಾಳಿಗೆ ರೂಮಲ್ಲಿ ಎಸಿ ಇಲ್ಲದೆ ಕಾರ್ಡ್ 72 ಡಿಗ್ರಿ ದಾಟಲಿಲ್ಲ, ಫ್ಯಾನ್ ಸದ್ದೂ ಇಲ್ಲ.

ಆದ್ರೆ ಎಲ್ಲಾ ಫೈಲಿಗೂ ಹಿಂಗೇ ಅಂತ ತಿಳ್ಕೋಬೇಡ್ರಿ. ಜೊತೆಗೆ ಬರೋ ಕ್ಯಾಮೆರಾಮನ್ ಒಬ್ರು ಬಣ್ಣದ ವಿವರ ಜಾಸ್ತಿ ಹಿಡಿಯೋ 10 ಬಿಟ್ 4:2:2ನಲ್ಲಿ ಶೂಟ್ ಮಾಡ್ತಾರೆ, ಎನ್‌ವಿಡಿಯಾದಲ್ಲಿ ಅದನ್ನ ಹಾರ್ಡ್‌ವೇರಲ್ಲಿ ಡಿಕೋಡ್ ಮಾಡೋದು (ಬಿಚ್ಚೋದು) ಬಂದಿದ್ದೇ ಆರ್‌ಟಿಎಕ್ಸ್ 50 ಸೀರೀಸಿಂದ. ಆ ಕ್ಲಿಪ್‌ಗಳು ಈಗಲೂ ಮೊದಲಿನ ಹಂಗೇ ನಿಂತು ನಿಂತು ಓಡ್ತವೆ, ಪ್ರಾಕ್ಸಿ, ಅಂದ್ರೆ ಎಡಿಟಿಂಗಿಗೆ ಒಂದು ಹಗುರ ಕಾಪಿ ಮಾಡ್ಕೊಂಡೇ ಕೆಲಸ. ಮೂರು ಕ್ಯಾಮೆರಾ ಮಲ್ಟಿಕ್ಯಾಮ್ ಹಾಕಿದಾಗಲೂ ಪ್ರೊಸೆಸರ್ 100ಕ್ಕೆ ಹೋಗ್ತದೆ, ಅಲ್ಲಿ ಕಾರ್ಡ್ ಏನೂ ಮಾಡೋಕಾಗಲ್ಲ. ನಿಮ್ಮ ಕ್ಯಾಮೆರಾ ಯಾವ ಫಾರ್ಮ್ಯಾಟಲ್ಲಿ ಬರೀತದೆ ಅಂತ ನೋಡ್ಕೊಂಡು ಆಮೇಲೆ ದುಡ್ಡು ಹಾಕ್ರಿ. ಇನ್ನೊಂದು, ವಿಂಡೋಸ್ 10ಗೆ ಮಾಮೂಲಿ ಸಪೋರ್ಟ್ 2025 ಅಕ್ಟೋಬರ್ 14ಕ್ಕೆ ಮುಗೀತು, 4ನೇ ಜನರೇಷನ್ ಪ್ರೊಸೆಸರ್ ವಿಂಡೋಸ್ 11ರ ಲಿಸ್ಟಲ್ಲಿ ಇಲ್ಲ. ನನಗೆ ಇದು ಗೊತ್ತಿದ್ದೇ ಹಾಕ್ಸಿದೆ, ಯಾಕಂದ್ರೆ ನಾಳೆ ಹೊಸ ಬೋರ್ಡ್ ತಗೊಂಡ್ರೆ ಕಾರ್ಡೂ ಎಸ್‌ಎಂಪಿಎಸ್ಸೂ ಎರಡೂ ಅದಕ್ಕೆ ಹೋಗ್ತವೆ, ಡಿಡಿಆರ್3 ರ‍್ಯಾಮ್ ಮಾತ್ರ ಇಲ್ಲೇ ಉಳೀತದೆ.

ಬಿಲ್ಲಲ್ಲಿ ಕಾರ್ಡಿನ ಸೀರಿಯಲ್ ನಂಬರ್ ಪೆನ್ನಲ್ಲಿ ಬರೆದು ಸೀಲ್ ಹಾಕಿ ಕೊಟ್ಟಿದ್ದಾನೆ, ವಾರಂಟಿ ಮೂರು ವರ್ಷ. ಥರ್ಮಲ್ ಪೇಪರ್ ಬಿಲ್ಲು ಆರು ತಿಂಗಳಿಗೆ ಅಳಿಸಿಹೋಗ್ತದೆ ಅಂತ ಅವ್ನೇ ಹೇಳಿ ನನ್ನ ಮೊಬೈಲಲ್ಲಿ ಫೋಟೋ ಹೊಡಿಸ್ದ, ನಾನು ಅದನ್ನೇ ಒಂದು ಪ್ರಿಂಟ್ ತೆಗೆದು ಕ್ಯಾಬಿನೆಟ್ ಸೈಡ್ ಡೋರಿನ ಒಳಗೆ ಅಂಟಿಸಿ ಇಟ್ಟಿದೀನಿ.