12 ಇಂಚಿನ ಸದ್ದು, 10 ಇಂಚಿನ ಡಗ್ಗಾ

ಮನೆಯಲ್ಲಿ ಹಾಡು ಕೇಳೋದಕ್ಕೆ ಸಬ್‌ವೂಫರ್ (ಬಾಸ್, ಅಂದರೆ ತೀರಾ ಕೆಳಗಿನ ದಪ್ಪ ಸದ್ದಿಗೆಂದೇ ಇರುವ ಸ್ಪೀಕರ್) ಬೇಕಾದರೆ ಸೀಲ್ಡ್ ತಗೊಳ್ಳಿ. ಎಲ್ಲ ಕಡೆ ಮುಚ್ಚಿದ ಡಬ್ಬಿ. ಇದು ಆರು ಸಾವಿರ ರೂಪಾಯಿ ಕಳೆದುಕೊಂಡ ಮೇಲೆ ನನಗೆ ತಿಳಿದದ್ದು.

ಮೊದಲು ತಂದಿದ್ದು 12 ಇಂಚಿನದು, ಗಾಳಿ ಆಡಲು ಡಬ್ಬಿಗೆ ಪೋರ್ಟ್ ಅನ್ನುವ ತೂತು ಇರುವಂಥದ್ದು. 31,000 ರೂಪಾಯಿ. ಬೆಂಗಳೂರಿನಿಂದ ಟ್ರಾನ್ಸ್‌ಪೋರ್ಟ್‌ನಲ್ಲಿ ರಾಯಚೂರಿಗೆ ಬಂತು. ಈಗ ಇರುವುದು 10 ಇಂಚಿನ ಸೀಲ್ಡ್, 24,000. ಎರಡನ್ನೂ ಒಂದೇ ಕೋಣೆಯಲ್ಲಿ, ಅದೇ ಆಂಪ್ಲಿಫೈಯರ್‌ಗೆ, ಅದೇ ಎರಡು ಪುಟ್ಟ ಸ್ಪೀಕರ್‌ಗಳ ಜೊತೆ ಕೇಳಿದ್ದೇನೆ.

ನಾನು ಏನು ಕೇಳುತ್ತೇನೆ ಅನ್ನೋದು ಇಲ್ಲಿ ಮುಖ್ಯ. ರಾತ್ರಿ ಊಟ ಆದ ಮೇಲೆ ಒಂದು ತಾಸು ವಚನ, ತತ್ವಪದ, ಹಿಂದೂಸ್ತಾನಿ. ಅಪ್ಪ ಮಠದ ಭಜನೆಯಲ್ಲಿ ಡಗ್ಗಾ (ತಬಲಾ ಜೋಡಿಯ ದಪ್ಪ ದನಿಯ ವಾದ್ಯ) ಬಾರಿಸುತ್ತಿದ್ದ. ನಮ್ಮೂರಿನ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಲ್ಲಿ ಮುಂದಿನ ಸಾಲಿನಲ್ಲಿ ಕೂತು ತಬಲಾ ಕೇಳಿದವನು ನಾನು. ಅಂಗೈಯ ಬುಡ ಡಗ್ಗಾದ ಮೇಲೆ ಒತ್ತಿ ಜಾರಿದಾಗ ದನಿ ಕೆಳಗಿನಿಂದ ಮೇಲಕ್ಕೆ ಬಾಗುತ್ತದಲ್ಲ, ಆ ಬಾಗು ಮನೆಯಲ್ಲೂ ಕೇಳಬೇಕು. ನನ್ನ ಆಸೆ ಅಷ್ಟೇ.

12 ಇಂಚಿನದು ಮೊದಲ ರಾತ್ರಿ ಎದೆ ನಡುಗಿಸಿತು. ಖುಷಿಯಾಯಿತು. ಮೂರನೇ ದಿನ ಅವ್ವ ಬಾಗಿಲಲ್ಲಿ ನಿಂತು ಕೇಳಿದಳು, "ಡಗ್ಗಾ ಎಲ್ಲೈತಪ ಇದ್ರಾಗ? ಬರೇ ಗುಂಯ್ ಅಂತೈತಿ." ಅವಳು ಹೇಳಿದ್ದು ನಿಜ. ಯಾವ ಹಾಡು ಹಾಕಿದರೂ ಕೆಳಗೆ ಒಂದೇ ಸ್ವರ. ಪೆಟ್ಟು ಮುಗಿದರೂ ಆ ಸದ್ದು ನಿಲ್ಲುತ್ತಿರಲಿಲ್ಲ. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಅಲ್ಲಿಯ ಕಾಕಾನೂ ಒಮ್ಮೆ ಬಂದು ವಿಚಾರಿಸಿ ಹೋದರು.

ಮೊಬೈಲ್ ಆ್ಯಪ್‌ನಲ್ಲಿ 30 ಹರ್ಟ್ಜ್‌ನಿಂದ (ಸೆಕೆಂಡಿಗೆ 30 ಕಂಪನ) 100ರವರೆಗೆ ಒಂದೊಂದೇ ಸ್ವರ ಬಿಟ್ಟು ನೋಡಿದೆ. 48ಕ್ಕೆ ಬಂದಾಗ ಕಬ್ಬಿಣದ ಅಲ್ಮಾರಿಯೇ ಝಣಝಣ ಅಂದಿತು. ಆಮೇಲೆ ಟೇಪ್ ಹಿಡಿದೆ. ಕೋಣೆ 12 ಅಡಿ ಉದ್ದ, 12 ಅಡಿ ಅಗಲ. ನಮ್ಮ ಬೇಸಿಗೆಯ ಧಗೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 350 ಮೀಟರ್ ಓಡುತ್ತದೆ. 12 ಅಡಿಯ ಎರಡು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಕೂರೋದು 48 ಹರ್ಟ್ಜ್ ಹತ್ತಿರವೇ. ಉದ್ದ ಅಗಲ ಎರಡೂ ಒಂದೇ ಆದ್ದರಿಂದ ಅದೇ ಸ್ವರಕ್ಕೆ ಎರಡು ಪಟ್ಟು ಬಲ. ಚೌಕ ಕೋಣೆ ಇರುವವರು ಇದನ್ನು ಮೊದಲೇ ತಿಳಿದಿರಬೇಕು, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಕಲ್ಲಿನ ಗೋಡೆ, ಫರಸಿ ನೆಲ. ಇವು ಬಾಸ್ ಅನ್ನು ಹೆಚ್ಚು ಹೊರಗೆ ಬಿಡುವುದಿಲ್ಲ, ಹೆಚ್ಚು ನುಂಗುವುದೂ ಇಲ್ಲ. ಜಮಖಾನ ಹಾಸಿದೆ. ಹಾಡುವವರ ದನಿಯ ಮಾರ್ದನಿ ಕಡಿಮೆಯಾಯಿತು, ಬಾಸ್ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಅಷ್ಟು ಉದ್ದದ ಅಲೆಗೆ ಜಮಖಾನ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಡಬ್ಬಿಯನ್ನು ಮೂಲೆಯಿಂದ ತೆಗೆದೆ. ನಾನು ಕೂರುವ ಜಾಗದಲ್ಲಿ ಸಬ್‌ವೂಫರ್ ಇಟ್ಟು, ಗೋಡೆಗುಂಟ ಮೊಣಕಾಲೂರಿ ಹೋಗುತ್ತಾ ಎಲ್ಲಿ ಸದ್ದು ಬಿಡಿಬಿಡಿಯಾಗಿ ಕೇಳುತ್ತದೆ ಅಂತ ಹುಡುಕಿದೆ. ಗೋಡೆಯ ಮೂರನೇ ಒಂದು ಭಾಗದಲ್ಲಿ ಒಳ್ಳೆಯ ಜಾಗ ಸಿಕ್ಕಿತು, ಡಬ್ಬಿಯನ್ನು ಅಲ್ಲಿಗೆ ಸರಿಸಿದೆ. ಅರ್ಧ ಸಮಸ್ಯೆ ಹೋಯಿತು, ಅರ್ಧ ಉಳಿಯಿತು.

ಉಳಿದ ಅರ್ಧಕ್ಕೆ ಪೋರ್ಟ್ ಕಾರಣ. ಖಾಲಿ ಸೀಸೆಯ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದೆ ಅಲ್ವಾ, ಪೋರ್ಟಿನ ಕೆಲಸವೂ ಅದೇ. ಅದಕ್ಕೊಂದು ತನ್ನದೇ ಸ್ವರ. ಅದರ ಹತ್ತಿರ ಒಳಗಿನ ಗಾಳಿಯೇ ಸದ್ದು ಮಾಡುತ್ತದೆ, ನಿಲ್ಲಲು ಹೊತ್ತು ಹಿಡಿಯುತ್ತದೆ. ನನ್ನದರ ಸ್ವರ 40ರ ಆಸುಪಾಸು, ಕೋಣೆಯದು 48. ಎರಡೂ ಸೇರಿ ಡಗ್ಗಾವನ್ನು ಮುಳುಗಿಸಿದವು.

ಒಂದು ರಾತ್ರಿ ಹಳೆಯ ಟವೆಲ್ ಸುತ್ತಿ ಪೋರ್ಟಿಗೆ ಗಟ್ಟಿಯಾಗಿ ತುರುಕಿದೆ. ಸದ್ದು ಕಡಿಮೆಯಾಯಿತು, ಡಗ್ಗಾ ಕಾಣಿಸಿತು. ಅವತ್ತೇ ತೀರ್ಮಾನ ಮಾಡಿದೆ. ಶಕ್ತಿನಗರದ ಗೆಳೆಯರೊಬ್ಬರಿಗೆ 25,000ಕ್ಕೆ ಕೊಟ್ಟು ಸೀಲ್ಡ್ ತಂದೆ. ಅವರದು ದೊಡ್ಡ ಹಾಲ್, ಅವರು ನೋಡೋದು ಸಿನಿಮಾ. ಅಲ್ಲಿ ಅದು ಚೆನ್ನಾಗಿಯೇ ನಡೆಯುತ್ತಿದೆ. ಸಿನಿಮಾದ ಸ್ಫೋಟಕ್ಕೆ ತೀರಾ ಕೆಳಗಿನ ಸದ್ದು ಜೋರಾಗಿ ಬೇಕು. ಹಾಡಿಗೆ ಅಷ್ಟು ಬೇಡ. ಬಾಸ್ ಗಿಟಾರಿನ ದಪ್ಪ ತಂತಿಯೇ 41 ಹರ್ಟ್ಜ್.

ಸೀಲ್ಡ್‌ನಲ್ಲಿ ಒಳಗಿನ ಗಾಳಿ ಸ್ಪ್ರಿಂಗ್ ಥರ ಕೋನನ್ನು (ಸ್ಪೀಕರಿನ ನಡುಗುವ ಭಾಗ) ಹಿಡಿದು ನಿಲ್ಲಿಸುತ್ತದೆ. ಕೆಳಗೆ ಹೋದಂತೆ ಸದ್ದು ನಿಧಾನವಾಗಿ ಇಳಿಯುತ್ತದೆ, ಒಂದು ಸಪ್ತಕಕ್ಕೆ 12 ಡೆಸಿಬೆಲ್. ಪೋರ್ಟಿನದು ತನ್ನ ಸ್ವರದ ಕೆಳಗೆ 24ರಂತೆ ಬೀಳುತ್ತದೆ. ಚಿಕ್ಕ ಕೋಣೆಯ ಗೋಡೆಗಳು ಕೆಳಗಿನ ಸದ್ದನ್ನು ತಾವೇ ಎತ್ತಿಕೊಡುತ್ತವೆ, ಹಾಗಾಗಿ ಆ ನಿಧಾನದ ಇಳಿತ ನನ್ನ ಕೋಣೆಗೆ ಸರಿಹೊಂದಿತು. ಜೋರಾಗಿ ಹಾಕಿದರೆ 10 ಇಂಚಿನದು ಬೇಗ ಸೋಲುತ್ತದೆ, ಅದು ನಿಜ. ನಾನು ಜೋರಾಗಿ ಹಾಕುವುದಿಲ್ಲ.

ಇನ್ನೊಂದು ಮಾತು. ದೊಡ್ಡದರ ಆಟೋ ಸ್ವಿಚ್ ರಾತ್ರಿಯ ಸಣ್ಣ ದನಿಗೆ ನಿದ್ದೆ ಹೋಗಿಬಿಡುತ್ತಿತ್ತು, ಆಲಾಪದ ನಡುವೆ ಟಕ್ ಅಂತ ಆಫ್. ಇದರಲ್ಲಿ ಆ ಸ್ವಿಚ್ಚನ್ನು ಆನ್‌ನಲ್ಲೇ ಇಡಬಹುದು.

ಪೆಟ್ಟಿಗೆಯಲ್ಲಿ ಸ್ಪೀಕರ್, ಸಬ್ ಎಲ್ಲ ಸೇರಿಸಿ ಕೊಡುವ ಹೋಮ್ ಥಿಯೇಟರ್ ಸೆಟ್ಟನ್ನೂ ಅಕ್ಕನ ಮನೆಯಲ್ಲಿ ಕೇಳಿದೆ. ಹಾಡಿಗೆ ಬೇಡ.

ಈಗ ಕ್ರಾಸ್‌ಓವರ್ 80ರಲ್ಲಿದೆ, ಅಂದರೆ 80 ಹರ್ಟ್ಜ್‌ನ ಕೆಳಗಿನದು ಮಾತ್ರ ಸಬ್‌ವೂಫರ್‌ಗೆ; ವಾಲ್ಯೂಮ್ ಅರ್ಧಕ್ಕಿಂತ ಕಡಿಮೆ. ಅಲ್ಮಾರಿಯ ಬಾಗಿಲ ಸಂದಿಗೆ ಮಡಚಿಟ್ಟ ರಟ್ಟು ಹಾಗೇ ಇದೆ. ಅವ್ವ ತತ್ವಪದ ಹಚ್ಚು ಅಂತ ತಾನೇ ಬಂದು ಕೂರುತ್ತಾಳೆ, ತೊಡೆಯ ಮೇಲೆ ತಾಳ ಹಾಕುತ್ತಾ.