ಗೇಮ್ ಪೆಟ್ಟಿಗೆಗೆ ಹೊಸ ಟಿವಿಗಿಂತ ಹಳೆಯ ಮಾನಿಟರೇ ಮೇಲು

ಮನೆಯಲ್ಲೇ ಪ್ಲೈವುಡ್ ಕತ್ತರಿಸಿ ಕಟ್ಟಿದ ವಿಡಿಯೊ ಗೇಮ್ ಪೆಟ್ಟಿಗೆಗೆ ಮೂರು ಪರದೆಗಳನ್ನು ಕೂರಿಸಿ ನೋಡಿದೆ: ಹೊಸ 32 ಇಂಚಿನ ಎಲ್‌ಇಡಿ ಟಿವಿ, ಅಟ್ಟದ ಮೇಲಿದ್ದ ಪಿಕ್ಚರ್ ಟ್ಯೂಬ್ ಟಿವಿ, ಕಂಪ್ಯೂಟರ್ ತರಬೇತಿ ಕೇಂದ್ರವೊಂದು ಮಾರಿದ 19 ಇಂಚಿನ ಮಾನಿಟರ್. ಈಗ ಪೆಟ್ಟಿಗೆಯಲ್ಲಿರುವುದು ಕೊನೆಯದು. ಅದನ್ನು ಕದಲಿಸುವ ಆಲೋಚನೆ ನನಗಿಲ್ಲ.

ಹೊಸ ಟಿವಿಯ ಚಿತ್ರದ ಬಗ್ಗೆ ತಕರಾರಿಲ್ಲ. ತಕರಾರೆಲ್ಲ ಕರೆಂಟ್ ಹೋಗಿ ಬಂದ ಮೇಲೆ. ಬಳ್ಳಾರಿಯ ಬೇಸಿಗೆಯಲ್ಲಿ ಕರೆಂಟ್ ಹೇಳಿ ಹೋಗುವುದಿಲ್ಲ. ಬಂದೊಡನೆ ಒಳಗಿನ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ತಾನಾಗಿ ಶುರುವಾಗುತ್ತದೆ, ಸ್ಪೀಕರ್‌ನಲ್ಲಿ ಸಂಗೀತವೂ ಬರುತ್ತದೆ. ಟಿವಿ ಮಾತ್ರ ಕೆಂಪು ದೀಪ ಹಚ್ಚಿಕೊಂಡು ಸ್ಟ್ಯಾಂಡ್‌ಬೈನಲ್ಲಿ ಕೂತಿರುತ್ತದೆ. ಎಬ್ಬಿಸಲು ರಿಮೋಟ್ ಬೇಕು. ರಿಮೋಟ್‌ಗೆ ಸ್ಪಂದಿಸುವ ಕಣ್ಣೋ, ಕೆಳತುದಿಯ ಪ್ಲೈವುಡ್ ಪಟ್ಟಿಯ ಹಿಂದೆ. ಬಡಗಿಯನ್ನು ಮತ್ತೆ ಕರೆಸಿ ಅಲ್ಲೊಂದು ತೂತು ಕೊರೆಸಿದೆ. ಆದರೂ ಟಿವಿ ನೇರವಾಗಿ ಆಟಕ್ಕೆ ಬರುವುದಿಲ್ಲ. ಮೊದಲು ಆ್ಯಪ್‌ಗಳ ಮೆರವಣಿಗೆ, ಆಮೇಲೆ ಎಚ್‌ಡಿಎಂಐ ಆರಿಸಬೇಕು. ಪೈಯನ್ನು ಟಿವಿಗೆ ಜೋಡಿಸುವ ಆ ಎಚ್‌ಡಿಎಂಐ ಕೇಬಲ್ಲಿನಲ್ಲೇ ಟಿವಿಯನ್ನು ಎಬ್ಬಿಸುವ ಸಿಇಸಿ ಎಂಬ ಸೌಲಭ್ಯವಿದೆ, ಪೈ ಅದನ್ನು ಬಲ್ಲದು. ನನ್ನ ಅಗ್ಗದ ಟಿವಿ ಅದಕ್ಕೆ ಕಿವಿಗೊಡಲಿಲ್ಲ. ಅಂಗಡಿಯಲ್ಲಿ ಕೇಳಿದರೆ, "ಇದು ಸ್ಮಾರ್ಟ್ ಟಿವಿ ಸಾರ್" ಎಂದರು. ಈಗ ಅದು ಪಡಸಾಲೆಯಲ್ಲಿ ಅಮ್ಮನ ಧಾರಾವಾಹಿಗಳಿಗೆ ಮೀಸಲು.

ಮಾನಿಟರ್‌ಗೆ ಈ ರಗಳೆಯಿಲ್ಲ. ಉರಿಯುತ್ತಿರುವಾಗ ಪ್ಲಗ್ ಕಿತ್ತು ಮತ್ತೆ ಹಾಕಿದರೆ ತಾನೇ ಹೊತ್ತಿಕೊಳ್ಳುತ್ತದೆ. ಎಲ್ಲ ಮಾದರಿಗಳೂ ಹೀಗಿರುವುದಿಲ್ಲ. ಹಳೆಯದನ್ನು ಕೊಳ್ಳುವವರು ಅಂಗಡಿಯಲ್ಲೇ ಹೀಗೆ ಪರೀಕ್ಷಿಸಿ, ಆಮೇಲೆ ದುಡ್ಡು ಕೊಡಿ.

ಆಕಾರವೂ ಸರಿಹೊಂದುತ್ತದೆ. ಹಳೆಯ ಆಟಗಳ ಪರದೆ 4:3, ಅಂದರೆ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು. ಅಗಲ ಟಿವಿಯಲ್ಲಿ ಕಾಲು ಭಾಗ ಕಪ್ಪಾಗಿ ವ್ಯರ್ಥ. 1980ರ ಪ್ಯಾಕ್‌ಮ್ಯಾನ್‌ನಂತಹ ಅಗಲಕ್ಕಿಂತ ಎತ್ತರ ಹೆಚ್ಚಿರುವ ಆಟವಾದರೆ ಅರ್ಧಕ್ಕೂ ಹೆಚ್ಚು. 1280×1024 ಪಿಕ್ಸೆಲ್‌ಗಳ ಮಾನಿಟರ್‌ನಲ್ಲಿ 1991ರ ಸ್ಟ್ರೀಟ್ ಫೈಟರ್ 2 ಆಡಿದರೆ ಮೇಲೆ ಕೆಳಗೆ ತೆಳುವಾದ ಪಟ್ಟಿ ಉಳಿಯುತ್ತದೆ, ಅಷ್ಟೇ. ಮಾನಿಟರಿನ ಹಳೆಯ ಬಗೆಯ ಡಿವಿಐ ಕಿಂಡಿಗೆ ಎಚ್‌ಡಿಎಂಐ ಕೇಬಲ್ ಸೇರಿಸಲು ಅಗ್ಗದ ಅಡಾಪ್ಟರ್ ಸಾಕು. ಧ್ವನಿಗೆ ಬೇರೆ ಸ್ಪೀಕರ್ ಬೇಕು.

ಚಿತ್ರದಲ್ಲಿ ಗೆಲ್ಲುವುದು ಪಿಕ್ಚರ್ ಟ್ಯೂಬ್. ಆ ಆಟಗಳನ್ನು ರೂಪಿಸಿದ್ದೇ ಅದಕ್ಕಾಗಿ. ಆದರೆ ಇಬ್ಬರು ಹಿಡಿದು ಎತ್ತಬೇಕಾದ ಭಾರ, ಆರಿಸಿದ ಮೇಲೂ ಒಳಗೆ ಉಳಿಯುವ ಸಾವಿರಾರು ವೋಲ್ಟ್. ಮಕ್ಕಳಿರುವ ಮನೆಯಲ್ಲಿ ಅದರ ಹಿಂಬದಿಯ ಮುಚ್ಚಳ ತೆಗೆದು ಕೂರಿಸುವ ಧೈರ್ಯ ನನಗಿಲ್ಲ.

ಜೋಡಣೆ ಸುಲಭ: ಮಾನಿಟರ್ ಬೆನ್ನಿನ ನಾಲ್ಕು ತೂತುಗಳ ನಡುವೆ 100 ಮಿಲಿಮೀಟರ್ ಅಂತರ, ಎಂ4 (4 ಮಿಲಿಮೀಟರ್ ದಪ್ಪದ) ಸ್ಕ್ರೂ. ಪ್ಲೈವುಡ್‌ನ ದಪ್ಪಕ್ಕೆ ತಕ್ಕ ಉದ್ದ ನೋಡಿಕೊಳ್ಳಿ. ಹೆಚ್ಚು ಉದ್ದವಾದರೆ ಒಳಗಿನ ಭಾಗಗಳಿಗೆ ತಾಗುತ್ತದೆ. ಮುಂದೆ ಗಾಜು ಹಾಕಲಿಲ್ಲ, ನಮ್ಮ ರಸ್ತೆಯ ಕೆಂಪು ದೂಳು ನಡುವೆ ಸೇರಿಕೊಂಡರೆ ಒರೆಸುವವರು ಯಾರು?

ಒಂದು ಕೊರತೆಯಿದೆ. ಇದು ಟಿಎನ್ ಎಂಬ ಬಗೆಯ ಎಲ್‌ಸಿಡಿ ಪರದೆ, ಕೆಳಗಿನಿಂದ ನೋಡಿದರೆ ಚಿತ್ರ ಕಪ್ಪಾಗುತ್ತದೆ. ಐಪಿಎಸ್ ಎಂಬ ಇನ್ನೊಂದು ಬಗೆಯದಾದರೆ ಈ ತೊಂದರೆಯಿಲ್ಲ, ಆದರೆ ಈ ಆಕಾರದ ಹಳೆಯ ಐಪಿಎಸ್ ಇಲ್ಲಿ ನನಗೆ ಸಿಗಲಿಲ್ಲ. ಟಿವಿಯ ಬೆಲೆಯ ಕಾಲು ಭಾಗಕ್ಕೂ ಕಡಿಮೆ ಕೊಟ್ಟಿದ್ದೇನೆ. ಮಗಳು ಸ್ಟೂಲ್ ಹತ್ತಿ ಆಡುತ್ತಾಳೆ.